ಆರು ಸಾವಿರ ಹೆಜ್ಜೆಗಳ ಹರಕೆ

ಬಜಪೆಯ ಆ ಅಂಗಳದಲ್ಲಿ ನಿಂತಾಗ ನನ್ನ ಬಾಯಿಗೆ ಮೊದಲು ಬಂದದ್ದು ಬೈಗುಳ. ಹೊರಗೆ ಬೀಳಲಿಲ್ಲ, ಹಾಗಾಗಿ ಮರ್ಯಾದೆ ಉಳಿಯಿತು. ಕೈಯಲ್ಲಿದ್ದ ಚೀಲ ಜಾರಿ ಕೆಳಗೆ ಬಿದ್ದದ್ದು ನನಗೆ ಗೊತ್ತಾದದ್ದೇ ಆಮೇಲೆ. ನಾನು ಸುಲಭಕ್ಕೆ ಬೆಚ್ಚಿಬೀಳುವ ಹೆಂಗಸಲ್ಲ. ಹದಿನಾರು ವರ್ಷ ಫಿಸಿಯೋಥೆರಪಿ ಮಾಡಿದವಳು. ಬೈಕಿನಿಂದ ಬಿದ್ದು ಮೂರು ಕಡೆ ಮುರಿದುಕೊಂಡ ಕಾಲುಗಳನ್ನು ಮತ್ತೆ ನಡೆಸಿದ್ದೇನೆ, ನೋವಿಗೆ ನನ್ನನ್ನು ಹೊಡೆಯಲು ಬಂದವರನ್ನು ಬೈದು ಕೂರಿಸಿದ್ದೇನೆ. ಆದರೆ ಆ ಸಂಜೆ ಕಂಡದ್ದು ಇವತ್ತಿಗೂ ನನ್ನ ಕಣ್ಣಿನಿಂದ ಹೋಗಿಲ್ಲ.

ನಾನು ಅಲ್ಲಿಗೆ ಹೋದದ್ದು ಒಬ್ಬ ಕಳ್ಳಿಯನ್ನು ಹಿಡಿಯಲು. ಅದು ಹೇಗೆ ಎಂದು ಮೊದಲಿನಿಂದಲೇ ಹೇಳಬೇಕು.

ಆಗ ನಾನು ಕುದ್ರೋಳಿಯ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಕೆಳಗೆ ಟಯರ್ ಅಂಗಡಿ, ಮೇಲೆ ನಾವು ನಾಲ್ವರು ಹೆಂಗಸರು, ನಾಲ್ಕು ಕಂಪ್ಯೂಟರು. ಬಸುರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡವರಿಗೆ ಆಸ್ಪತ್ರೆಯವರು ಕೈಗೆ ಕಟ್ಟುವ ಒಂದು ಪಟ್ಟಿ ಕೊಟ್ಟು, ಫೋನಿನಲ್ಲಿ ಒಂದು ಆ್ಯಪ್ ಹಾಕಿ ಕಳುಹಿಸುತ್ತಿದ್ದರು. ಅವರು ದಿನಕ್ಕೆ ಎಷ್ಟು ಹೆಜ್ಜೆ ನಡೆದರು, ನಡೆಯುವಾಗ ನಾಡಿ ಎಷ್ಟು ಏರಿತು ಎಂಬುದೆಲ್ಲ ನಮ್ಮ ಪರದೆಗೆ ಬರುತ್ತಿತ್ತು. ನಡೆಯದವರಿಗೆ ಸಂದೇಶ ಕಳುಹಿಸಿ ಎಬ್ಬಿಸುವುದು, ನಡೆದವರನ್ನು ಹೊಗಳುವುದು ನಮ್ಮ ಕೆಲಸ. ದಿನದ ಗುರಿ ಮುಟ್ಟಿದರೆ ಆ್ಯಪಿನಲ್ಲಿ ಒಂದು ಗುಲಾಬಿ ಬಣ್ಣದ ಹೂ ಅರಳುತ್ತಿತ್ತು. ಮುಟ್ಟದಿದ್ದರೆ ಬರೀ ಬೂದು ಮೊಗ್ಗು.

ನನ್ನ ಬಾಯಿ ಸ್ವಲ್ಪ ಜೋರು. ಸಂದೇಶದಲ್ಲೂ ಜೋರೇ. ಬೆಂಗ್ರೆಯ ಒಬ್ಬಳು ‘ಮೇಡಂ, ಇಲ್ಲಿ ಮನೆ ಸುತ್ತ ಹೊಯಿಗೆ, ನಡೀಲಿಕ್ಕೆ ಆಗುದಿಲ್ಲ’ ಎಂದು ಬರೆದರೆ, ‘ಮರಳಿನಲ್ಲಿ ನಡೆದರೆ ಇನ್ನೂ ಒಳ್ಳೆಯದು, ನೆಪ ಹೇಳಬೇಡಿ’ ಎಂದು ಮರುಕ್ಷಣವೇ ಬರೆಯುತ್ತಿದ್ದೆ. ಉಳಿದ ಮೂವರು ನನ್ನನ್ನು ಹೆಡ್‌ಮಾಸ್ಟ್ರು ಎಂದು ತಮಾಷೆ ಮಾಡುತ್ತಿದ್ದರು. ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಬಜಪೆಯ ಹುಡುಗಿ ನನ್ನ ಪಾಲಿಗೆ ಬಂದದ್ದು ಅವಳ ಐದನೇ ತಿಂಗಳಲ್ಲಿ. ಹುಡುಗಿ ಎಂದೆ, ಮೂವತ್ತು ದಾಟಿದವಳು. ಗಂಡನಿಗೆ ಮುಂಬಯಿಯಲ್ಲಿ ಹೋಟೆಲು. ಹಿಂದೆ ಎರಡು ಸಲ ಬಸುರು ನಿಂತು, ಎರಡು ಸಲವೂ ನಾಲ್ಕು ತಿಂಗಳು ತುಂಬುವ ಮೊದಲೇ ಹೋಗಿತ್ತು. ಈ ಸಲ ಬಸುರಿಗೆ ಎರಡು ತಿಂಗಳು ತುಂಬುವ ಮೊದಲೇ ತಾಯಿ ಮುಂಬಯಿಗೆ ಹೋಗಿ ಅವಳನ್ನು ಬಜಪೆಗೆ ಕರೆದುಕೊಂಡು ಬಂದಿದ್ದರು. ಅವಳ ಕಡತದ ಮೇಲೆ ಡಾಕ್ಟರಮ್ಮ ತಮ್ಮ ಕೈಯಿಂದಲೇ ಬರೆದಿದ್ದರು: ಈ ಸಲ ಎಲ್ಲ ಸರಿಯಾಗಿದೆ, ಸಕ್ಕರೆ ಮಾತ್ರ ಏರುತ್ತಿದೆ, ಊಟದ ನಂತರ ನಡೆಯಲೇಬೇಕು. ಆ ಮಗು ಅವಳ ಮಡಿಲಿಗೆ ಬರಬೇಕು ಎಂದು, ಮುಖ ನೋಡದಿದ್ದರೂ, ನನಗೆ ಬಹಳ ಆಸೆಯಾಗಿತ್ತು.

ಮೊದಲ ವಾರ ಅವಳ ಹೆಜ್ಜೆಗಳು ದಿನಕ್ಕೆ ನೂರು, ನೂರಿಪ್ಪತ್ತು. ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಹಾಸಿಗೆಗೆ. ನನಗೆ ಸಿಟ್ಟು ಬಂತು. ‘ಹೀಗಾದರೆ ಆಗುವುದಿಲ್ಲ. ದಿನಕ್ಕೆ ಆರು ಸಾವಿರ ಹೆಜ್ಜೆ ಆಗಲೇಬೇಕು. ಒಂದು ದಿನವೂ ತಪ್ಪಿಸಬಾರದು’ ಎಂದು ಬರೆದೆ. ಉತ್ತರವಾಗಿ ಕೈಮುಗಿದ ಚಿತ್ರವೊಂದು ಬಂತು, ಮಾತಿಲ್ಲ.

ಮರುದಿನ ಆರು ಸಾವಿರದ ಇನ್ನೂರು ಹೆಜ್ಜೆ! ಅದರ ಮರುದಿನವೂ ಅಷ್ಟೇ. ಬೆಳಿಗ್ಗೆ ಆರಕ್ಕೆ ಅರ್ಧ, ಸಂಜೆ ಐದಕ್ಕೆ ಅರ್ಧ. ಮಳೆ ಬಂದ ದಿನವೂ ತಪ್ಪಲಿಲ್ಲ, ಸೀಮಂತದ ದಿನವೂ ತಪ್ಪಲಿಲ್ಲ. ಸೋಮವಾರಗಳಲ್ಲಂತೂ ಒಂದೆರಡು ಸಾವಿರ ಹೆಚ್ಚೇ. ದಿನವೂ ಹೂ. ನಾನು ಗುರಿಯನ್ನು ಏಳು ಸಾವಿರಕ್ಕೆ ಏರಿಸಿದೆ, ಏಳಾಯಿತು. ಎಂಟಕ್ಕೆ ಏರಿಸಿದೆ, ಎಂಟಾಯಿತು. ಎಲ್ಲದಕ್ಕಿಂತ ನನ್ನನ್ನು ಮರುಳು ಮಾಡಿದ್ದು ಅವಳ ನಾಡಿ. ಅಷ್ಟು ನಡೆದರೂ ಅದು ತೊಂಬತ್ತು ದಾಟುತ್ತಿರಲಿಲ್ಲ. ‘ನೋಡಿ ಮಾರಾಯ್ತಿ, ಏಳು ತಿಂಗಳ ಬಸುರಿ, ಓಟಗಾರ್ತಿಯ ಹಾಗೆ ನಾಡಿ’ ಎಂದು ಪಕ್ಕದವಳಿಗೆ ಪರದೆ ತಿರುಗಿಸಿ ತೋರಿಸಿದ್ದೆ. ಹದಿನಾರು ವರ್ಷದ ಅನುಭವ ಎಂದು ಈಗಷ್ಟೇ ಕೊಚ್ಚಿಕೊಂಡೆನಲ್ಲ, ಆ ಅನುಭವ ಆವತ್ತು ಎಲ್ಲಿ ಮಣ್ಣು ತಿನ್ನುತ್ತಿತ್ತೋ ದೇವರಿಗೇ ಗೊತ್ತು.

ಎಂಟನೇ ತಿಂಗಳು ಹಿಡಿದ ವಾರ ಡಾಕ್ಟರಮ್ಮನ ಫೋನು ಬಂತು.

“ಎಂತ ಇದು ನಿಮ್ಮ ಬಜಪೆಯವಳದ್ದು? ಊಟ ಆದ ಮೇಲೆ ಸಕ್ಕರೆ ಇನ್ನೂರರ ಹತ್ತಿರ ಉಂಟು. ಎರಡು ಸಲ ಇನ್ಸುಲಿನ್ ಏರಿಸಿದೆ. ಸ್ಕ್ಯಾನಿಂಗಲ್ಲಿ ಮಗು ತಿಂಗಳಿಗಿಂತ ದೊಡ್ಡದು ಕಾಣ್ತಾ ಉಂಟು. ನಡೀತಿದ್ದೀರಾ ಅಂತ ಕೇಳಿದ್ರೆ ಅವರ ಅಮ್ಮ ಫೋನ್ ತೆಗೆದು ನಿಮ್ಮ ಹೂ ತೋರಿಸ್ತಾರೆ.”

“ನಡೀತಾ ಇದ್ದಾರೆ ಡಾಕ್ಟ್ರೇ. ನನ್ನ ಲಿಸ್ಟಿನಲ್ಲಿ ಅವಳಷ್ಟು ನಡೆಯುವವರು ಬೇರೆ ಯಾರೂ ಇಲ್ಲ” ಎಂದೆ. ನನ್ನ ಸ್ವರ ತುಸು ಏರಿತ್ತು.

“ಹಾಗಾದ್ರೆ ತಿನ್ನುದರಲ್ಲಿ ಎಂತದೋ ಉಂಟು. ಹೀಗೇ ಹೋದ್ರೆ ಮಗುವಿಗೆ ಅಪಾಯ. ಒಮ್ಮೆ ನೋಡಿ ಮಾರಾಯ್ರೆ.”

ನನಗೆ ತಲೆಗೆ ಏರಿತು. ಇಷ್ಟು ನಡೆಯುವ ಹುಡುಗಿಗೆ ಸೀಮಂತದ ಲಾಡು, ಹೋಳಿಗೆ, ತುಪ್ಪದಲ್ಲಿ ಹುರಿದ ಗೋಡಂಬಿ ತಿನ್ನಿಸಿ ಹಾಳು ಮಾಡುತ್ತಿದ್ದಾರೆ ಎಂದು ಖಾತ್ರಿಯಾಯಿತು. ತಾಯಿಯೇ ಕಳ್ಳಿ. ಫೋನು ಮಾಡಿ ಹೇಳಿದರೆ ಡಬ್ಬಿಗಳೆಲ್ಲ ಅಡಗುತ್ತವೆ ಎಂದು ಯಾರಿಗೂ ಹೇಳದೆ, ಸಂಜೆ ನಾಲ್ಕಕ್ಕೆ ಬಜಪೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಹರಿತ ಮಾಡುತ್ತಿದ್ದೆ.

ಬಸ್ಸಿಳಿದು ಕೇಳಿಕೊಂಡು ಹೋದೆ. ದೊಡ್ಡ ಹೆಂಚಿನ ಮನೆ, ಅಂಗಳಕ್ಕೆ ಇಂಟರ್‌ಲಾಕ್ ಇಟ್ಟಿಗೆ ಹಾಕಿಸಿದ್ದರು, ನಡುವೆ ತುಳಸಿಕಟ್ಟೆ. ಗೇಟು ತೆಗೆದವಳು ಅಲ್ಲೇ ನಿಂತೆ.

ಅರುವತ್ತು ದಾಟಿದ ಒಬ್ಬ ಹೆಂಗಸು ತುಳಸಿಕಟ್ಟೆಗೆ ಸುತ್ತು ಬರುತ್ತಿದ್ದರು. ಸೀರೆಯ ನೆರಿಗೆಯನ್ನು ಸೊಂಟಕ್ಕೆ ಎತ್ತಿ ಸಿಕ್ಕಿಸಿದ್ದರು. ಬರಿಗಾಲು. ಎರಡೂ ಪಾದ ಬಾತುಕೊಂಡು ಹೊಳೆಯುತ್ತಿದ್ದವು, ಎಡಗಾಲನ್ನು ಎಳೆದು ಎಳೆದು ಹಾಕುತ್ತಿದ್ದರು. ಬಾಯಲ್ಲಿ ಏನೋ ಜಪ. ಮೈಯೆಲ್ಲ ಬೆವರು. ಬಲಗೈಯಲ್ಲಿ, ಬಂಗಾರದ ಬಳೆಗಳ ಹಿಂದೆ, ನಮ್ಮ ನೀಲಿ ಪಟ್ಟಿ.

ನಾನು ಆಗಲೇ ಹೇಳಿದ ಬೈಗುಳ ಆ ಕ್ಷಣದ್ದು. ಅದು ಅವರಿಗೆ ಎಂದುಕೊಂಡಿದ್ದೆ. ಎರಡು ಉಸಿರು ಕಳೆಯುವಷ್ಟರಲ್ಲಿ ಅವರಿಗೋ ನನಗೋ ಎಂದು ಗೊತ್ತಾಗಲಿಲ್ಲ.

ಅವರು ನನ್ನನ್ನು ನೋಡಿದರು, ಆದರೆ ನಿಲ್ಲಲಿಲ್ಲ. “ಒಂದು ನಿಮಿಷ ಕೂತ್ಕೊಳ್ಳಿ, ಇನ್ನು ಹನ್ನೊಂದು ಸುತ್ತು ಉಂಟು, ನಡುವಿನಲ್ಲಿ ನಿಲ್ಲಿಸ್ಲಿಕ್ಕೆ ಇಲ್ಲ” ಎಂದರು. ನಾನು ಯಾರೆಂದು ಹೇಳಿದೆ. ಅವರ ಮುಖ ಅರಳಿತು. “ಓ ಮೇಡಮಾ! ನೀವೇ ಬಂದ್ರಾ? ನೋಡಿ, ಇವತ್ತಿದ್ದು ಈಗ ಮುಗೀತದೆ.”

“ಆ ಪಟ್ಟಿ ನಿಮ್ಮ ಕೈಯಲ್ಲಿ ಯಾಕೆ ಉಂಟು?”

“ಮತ್ತೆ ಯಾರ ಕೈಯಲ್ಲಿ?” ಎಂದು ಅವರೇ ಆಶ್ಚರ್ಯಪಟ್ಟರು. “ಅವಳು ನಡೆಯುವ ಹಾಗೆ ಉಂಟಾ? ಅವಳ ಹೆಸರಲ್ಲಿ ನಾನು ನಡೀತೇನೆ.”

ಅಡಗಿಸುವ ಭಾವನೆ ಆ ಮುಖದಲ್ಲಿ ಸ್ವಲ್ಪವೂ ಇರಲಿಲ್ಲ. ನಾನು ಅವರ ತೋಳು ಹಿಡಿದು ಎಳೆದೇ ಜಗಲಿಯಲ್ಲಿ ಕೂರಿಸಿದೆ. ನಾಡಿ ಹಿಡಿದರೆ ಎಂಬತ್ತೆಂಟು. ಇಷ್ಟು ಬೆವರಿದ ಮೈಗೆ ಎಂಬತ್ತೆಂಟು! ಕೇಳಿದೆ, ಏನಾದರೂ ಮಾತ್ರೆ ಉಂಟಾ ಎಂದು. ಉಂಟಂತೆ. ಮೂರು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದರಂತೆ, ಅಂದಿನಿಂದ ನಾಡಿ ಏರದ ಹಾಗೆ ದಿನವೂ ಮಾತ್ರೆ. ನಾನು ಪರದೆ ತಿರುಗಿಸಿ ತೋರಿಸಿದ ಓಟಗಾರ್ತಿ ಇವರೇ. ಸ್ಟೆಂಟ್ ಹಾಕಿದ ಒಬ್ಬ ಮುದುಕಿಯನ್ನು ಆರರಿಂದ ಏಳಕ್ಕೆ, ಏಳರಿಂದ ಎಂಟಕ್ಕೆ ಓಡಿಸಿದವಳು ನಾನು. ಅವರು ಒಂದು ದಿನ ಈ ಅಂಗಳದಲ್ಲಿ ಕುಸಿದು ಬಿದ್ದಿದ್ದರೂ ನನ್ನ ಕಂಪ್ಯೂಟರು ಬೂದು ಮೊಗ್ಗು ತೋರಿಸುತ್ತಿತ್ತು, ನಾನು ‘ಇವತ್ತು ಯಾಕೆ ಸೋಮಾರಿತನ’ ಎಂದು ಬರೆಯುತ್ತಿದ್ದೆ. ನನಗೆ ಅಳು ಬಂತು, ಸಿಟ್ಟೂ ಬಂತು. ಸಿಟ್ಟನ್ನೇ ಹೊರಗೆ ಹಾಕಿದೆ.

“ಇದು ಹೇಗೆ ಆಗ್ತದೆ ಆಂಟಿ? ನೀವು ನಡೆದ್ರೆ ಅವಳಿಗೆ ಎಂತ ಸಿಗ್ತದೆ?”

“ಯಾಕೆ ಸಿಗುದಿಲ್ಲ?” ಅವರು ಸೆರಗಿನಿಂದ ಮುಖ ಒರೆಸಿಕೊಂಡರು. “ಅವಳು ಎರಡನೇ ಕ್ಲಾಸಲ್ಲಿ ಇರುವಾಗ ಟೈಫಾಯ್ಡ್ ಬಂದು ಒಂದು ತಿಂಗಳು ಮಲಗಿದ್ಲು. ಅವಳಿಗೆ ಏಳ್ಲಿಕ್ಕೆ ಆಗ್ತಿತ್ತಾ? ದೇವಸ್ಥಾನದಲ್ಲಿ ಅವಳ ಹೆಸರಲ್ಲಿ ನಾನೇ ನೂರೆಂಟು ಸುತ್ತು ಬಂದೆ. ದೇವರು ಬೇಡ ಹೇಳಿದ್ರಾ? ನಿಮ್ಮ ಫೋನ್ ಸಹ ಬೇಡ ಹೇಳ್ಲಿಲ್ಲ. ನಾನು ನಡೆದು ಮುಗಿಸಿದ ಕೂಡ್ಲೇ ದಿನಾ ಹೂ ಬರ್ತಿತ್ತು.”

ಹೂ! ನಮ್ಮ ಆಫೀಸಿನಲ್ಲಿ ಆ ಹೂವಿನ ಬಣ್ಣಕ್ಕಾಗಿ ಅರ್ಧ ದಿನ ಚರ್ಚೆ ನಡೆದಿತ್ತು. ಅದನ್ನು ಯಾರಾದರೂ ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳಬಹುದು ಎಂದು ನಮ್ಮ ನಾಲ್ವರಲ್ಲಿ ಒಬ್ಬಳ ತಲೆಗೂ ಹೊಳೆದಿರಲಿಲ್ಲ. ಹೊಳೆಯದಿರಲು ನಾವೇನು ಬೇರೆ ದೇಶದಿಂದ ಬಂದವರೇ? ನಾನು ಪಿಯುಸಿ ಪಾಸಾದದ್ದು ನನ್ನ ಅಮ್ಮ ಬಂದ ಪ್ರದಕ್ಷಿಣೆಯಿಂದ ಎಂದು ನಮ್ಮ ಮನೆಯಲ್ಲಿ ಇವತ್ತಿಗೂ ಮಾತಿದೆ. ನಾನೂ ಅದಕ್ಕೆ ಎದುರು ಹೇಳಿದವಳಲ್ಲ.

“ಮಗಳೆಲ್ಲಿ?” ಎಂದೆ.

ಒಳಕೋಣೆಯಲ್ಲಿ ಕಿಟಕಿ ಅರ್ಧ ಮುಚ್ಚಿತ್ತು. ಅವಳು ಎಡಮಗ್ಗುಲಿಗೆ ಮಲಗಿದ್ದಳು. ಮುಖ ಬಿಳುಚಿತ್ತು, ಹೊಟ್ಟೆ ಮಾತ್ರ ಬಹಳ ದೊಡ್ಡದು. ಹೊದಿಕೆಯಿಂದ ಹೊರಗೆ ಚಾಚಿದ ಕಾಲುಗಳನ್ನು ನೋಡಿದೆ. ನನಗೆ ಕಾಲುಗಳ ಭಾಷೆ ಗೊತ್ತು. ಮೀನಖಂಡ ಕರಗಿ ಚರ್ಮ ಜೋತುಬಿದ್ದಿತ್ತು. ಬಚ್ಚಲಿಗೆ ಹೋಗಿಬರುವುದೊಂದು ಬಿಟ್ಟರೆ ಮೂರು ತಿಂಗಳು ಆ ಕಾಲುಗಳು ನೆಲದ ಮೇಲೆ ಭಾರ ಹಾಕಿಯೇ ಇರಲಿಲ್ಲ. ಆಸ್ಪತ್ರೆಗೂ ಕಾರಿನ ಬಾಗಿಲಿನಿಂದ ಗಾಲಿಕುರ್ಚಿಗೆ ಇಳಿಸಿಕೊಂಡು ಹೋಗುತ್ತಿದ್ದರಂತೆ. ಆ ಗರ್ದಿಯಲ್ಲಿ ಯಾಕೆಂದು ಯಾರೂ ಕೇಳಿರಲಿಲ್ಲ.

“ನಿಮಗೆ ಗೊತ್ತಿತ್ತಾ, ಅಮ್ಮ ನಡೀತಾ ಇರುದು?”

“ಗೊತ್ತುಂಟು.” ಸ್ವರ ಬಹಳ ಸಣ್ಣದು. ಮೂರು ತಿಂಗಳಲ್ಲಿ ನಾನು ಕೇಳಿದ ಅವಳ ಮೊದಲ ಮಾತು ಅದು. “ಫೋನ್ ಮಗುವಿಗೆ ಒಳ್ಳೇದಲ್ಲ ಅಂತ ಅಮ್ಮನೇ ಇಟ್ಟುಕೊಂಡಿದ್ದಾರೆ. ನಾನೂ ಕೇಳ್ಲಿಲ್ಲ. ಕಳೆದ ಸಲ ಮಾರ್ಕೆಟಿಗೆ ನಡೆದು ಹೋಗಿ ಬಂದೆ, ಆ ದಿನವೇ ಹೋಯ್ತು. ನನಗೆ ಕಾಲು ಕೆಳಗೆ ಇಡ್ಲಿಕ್ಕೆ ಹೆದರಿಕೆ ಆಗ್ತದೆ.”

ನಡೆದದ್ದರಿಂದ ಹೋದದ್ದಲ್ಲ ಎಂದು ಹೇಳಿದೆ. ನಂಬಿದಳೋ ಇಲ್ಲವೋ. ಜಗಲಿಗೆ ಬಂದು ಡಾಕ್ಟರಮ್ಮನಿಗೆ ಫೋನು ಮಾಡಿದೆ. ಕಂಡದ್ದನ್ನೆಲ್ಲ ಹೇಳಿದೆ.

“ದೇವರೇ” ಎಂದರು. “ಅಷ್ಟು ನಡೆದೂ ಇಳಿಯುದಿಲ್ಲ ಅಂತ ಹೇಳಿಯೇ ನಾನು ಇನ್ಸುಲಿನ್ ಏರಿಸಿದ್ದು. ಈಗ ನೀವು ಅವಳನ್ನು ಒಮ್ಮೆಲೇ ನಡೆಸಿಬಿಡ್ಬೇಡಿ. ಸಕ್ಕರೆ ದಡಕ್ಕನೆ ಇಳಿದು ತಲೆ ತಿರುಗಿ ಬಿದ್ರೆ ಮತ್ತೆ ಮಗುವನ್ನು ಮರೀಬೇಕು. ನಾಳೆ ಇಬ್ಬರನ್ನೂ ಕರ್ಕೊಂಡು ಬನ್ನಿ. ಅಮ್ಮನ ಇಸಿಜಿ ಸಹ ಮಾಡ್ಬೇಕು.”

ಬಿಸಿಲು ಇಳಿಯುತ್ತಿದ್ದ ಹೊತ್ತಿನಲ್ಲಿ ಹುಡುಗಿಯನ್ನು ಎಬ್ಬಿಸಿ ಮಂಚದ ಅಂಚಿನಲ್ಲಿ ಕೂರಿಸಿದೆ. ಎದ್ದು ನಿಲ್ಲುವಾಗ ಅವಳ ಉಗುರು ನನ್ನ ಮುಂಗೈಗೆ ಇಳಿಯಿತು. ಮಂಚದಿಂದ ಬಾಗಿಲಿಗೆ ಹದಿನಾಲ್ಕು ಹೆಜ್ಜೆ. ಒಂದೊಂದಕ್ಕೂ ಕಾಲು ಗಡಗಡ ನಡುಗುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ತಾಯಿ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು “ಬೇಡ ಮೇಡಂ, ನಿಮ್ಮ ಕಾಲಿಗೆ ಬೀಳ್ತೇನೆ, ಎಷ್ಟು ಹೇಳಿದ್ರೂ ನಾನು ನಡೀತೇನೆ” ಎಂದು ಅಳುತ್ತಿದ್ದರು. ಹದಿನಾರು ವರ್ಷದಲ್ಲಿ ಅಂಥ ಅಳು ನಾನು ಕೇಳಿಲ್ಲ. ಒಂದು ಕ್ಷಣ ನನಗೂ ಅವಳನ್ನು ಮತ್ತೆ ಮಲಗಿಸಿಬಿಡೋಣ ಅನ್ನಿಸಿದ್ದು ನಿಜ.

ಮರುದಿನದಿಂದ ವಾರಕ್ಕೆ ಮೂರು ಸಲ ನಾನೇ ಹೋದೆ. ಊಟವಾದ ಮೇಲೆ ಐದು ನಿಮಿಷ, ಆಮೇಲೆ ಹತ್ತು, ಕೊನೆಗೆ ಹದಿನೈದು. ಮಧ್ಯಾಹ್ನದ ಸಕ್ಕರೆ ಇಳಿಯತೊಡಗಿತು. ಇನ್ಸುಲಿನ್ ತುಸು ಕಡಿಮೆಯಾಯಿತು. ತಾಯಿಯ ಹೃದಯಕ್ಕೆ ಏನೂ ಆಗಿರಲಿಲ್ಲ, ಮಂಡಿ ಮಾತ್ರ ಸವೆದಿತ್ತು. ಆದರೆ ಹೊಟ್ಟೆಯೊಳಗೆ ಆಗಲೇ ಬೆಳೆದದ್ದನ್ನು ಐದು ವಾರದಲ್ಲಿ ಸರಿಮಾಡಲು ಆಗುವುದಿಲ್ಲ ಎಂದು ನನಗೂ ಡಾಕ್ಟರಮ್ಮನಿಗೂ ಗೊತ್ತಿತ್ತು. ಆ ಐದು ವಾರ ಫೋನು ಹೊಡೆದುಕೊಂಡಾಗಲೆಲ್ಲ ಬಜಪೆಯದ್ದಾ ಎಂದು ಮೊದಲು ನೋಡುತ್ತಿದ್ದೆ.

ಮೂವತ್ತೇಳು ವಾರ ತುಂಬಿದಾಗ ಆಪರೇಷನ್ ಮಾಡಿ ಹೆರಿಗೆ ಮಾಡಿಸಿದರು. ಹೆಣ್ಣು ಮಗು, ನಾಲ್ಕು ಕಿಲೋಗೆ ಸ್ವಲ್ಪ ಕಡಿಮೆ. ಹುಟ್ಟಿ ಒಂದು ಗಂಟೆಯೊಳಗೆ ಅದರ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿಯಿತು, ಕೈಕಾಲು ಅದುರತೊಡಗಿದವು. ಒಳಗೆ ತಾಯಿಯ ಸಕ್ಕರೆ ಕುಡಿದು ಬೆಳೆದ ಮಗುವಿಗೆ ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಹೀಗಾಗುವುದುಂಟು. ನವಜಾತ ಶಿಶುಗಳ ಐಸಿಯುಗೆ ಒಯ್ದರು. ವಿಷಯ ತಿಳಿದು ನಾನು ಓಡಿ ಹೋದಾಗ ಅಜ್ಜಿ ಆ ಬಾಗಿಲಿನ ಹೊರಗೆ ಕಬ್ಬಿಣದ ಬೆಂಚಿನಲ್ಲಿ ಒಬ್ಬರೇ ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ.

“ನಿಜ ಹೇಳಿ. ಅವಳನ್ನು ನಾನು ಮಲಗಿಸಿಟ್ಟದ್ದರಿಂದವಾ ಬಾಲೆ ಒಳಗೆ ಇರುದು?” ಎಂದರು.

ಇಂಥ ಪ್ರಶ್ನೆಗೆ ಹೇಳುವ ಮಾತು ನನಗೆ ಬಾಯಿಪಾಠ ಉಂಟು. ಹಾಗೇನಿಲ್ಲ, ಎಲ್ಲ ಸರಿಹೋಗುತ್ತದೆ, ಚಿಂತೆ ಮಾಡಬೇಡಿ. ಅವರ ಮುಖ ನೋಡಿದ ಮೇಲೆ ಅದು ಬಾಯಿಂದ ಹೊರಡಲಿಲ್ಲ.

“ಸ್ವಲ್ಪ ಅದರಿಂದ ಆಂಟಿ. ಅವಳು ಊಟ ಆದ ಮೇಲೆ ನಡೆದ್ರೆ ಅವಳ ಕಾಲಿನ ಮಾಂಸಖಂಡ ರಕ್ತದ ಸಕ್ಕರೆಯನ್ನು ಎಳ್ಕೊಳ್ತದೆ. ಆಗ ಮಗುವಿಗೆ ಹೋಗುದು ಕಡಿಮೆ ಆಗ್ತದೆ. ಅದು ಅವಳ ಕಾಲಿನಿಂದಲೇ ಆಗ್ಬೇಕು.”

ಅವರು ನನ್ನ ಕಡೆಗೆ ತಿರುಗಿದರು. ಕಣ್ಣಲ್ಲಿ ನೀರಿರಲಿಲ್ಲ.

“ಇಷ್ಟೇಯಾ?”

“ಇಷ್ಟೇ.”

“ಇದು ನನಗೆ ಅರ್ಥ ಆಗುದಿಲ್ವಾ? ನಾನು ನಲವತ್ತು ವರ್ಷ ಇಲ್ಲೇ ನಮ್ಮ ಹೋಟೆಲಿನ ಅಡಿಗೆ ನೋಡ್ಕೊಂಡವಳು ಮೇಡಂ. ಎಷ್ಟು ಬೆಂಕಿಗೆ ಎಷ್ಟು ಬೇಯ್ತದೆ ಅಂತ ನನಗೆ ಗೊತ್ತಿಲ್ವಾ? ನೀವು ಇದನ್ನು ಹೇಳಿದ್ರೆ ನಾನೇ ಅವಳ ಕೈ ಹಿಡ್ದು ನಡೆಸ್ತಿದ್ದೆ. ದಿನಾ ಬರೀತಿದ್ರಿ. ಆರು ಸಾವಿರ ಆಗ್ಬೇಕು, ತಪ್ಪಿಸ್ಬಾರ್ದು. ಏಳು ಸಾವಿರ ಆಗ್ಬೇಕು, ತಪ್ಪಿಸ್ಬಾರ್ದು. ಯಾಕೆ ಅಂತ ಒಂದು ದಿನ ಬರೀಲಿಲ್ಲ. ಯಾಕೆ ಅಂತ ಹೇಳದೆ ಇಷ್ಟು ಸುತ್ತು ಬಾ ಅಂತ ಹೇಳುದು ಹರಕೆಗೆ ಮಾತ್ರ.”

ಅಷ್ಟರಲ್ಲಿ ಬಾಗಿಲು ತೆರೆದು ನರ್ಸ್ ಹೊರಗೆ ಬಂದಳು. ಸಕ್ಕರೆ ಮೇಲೆ ಬರುತ್ತಿದೆ, ಅದುರುವುದು ನಿಂತಿದೆ, ಅಜ್ಜಿ ಒಬ್ಬರೇ ಒಂದು ನಿಮಿಷ ಒಳಗೆ ಬಂದು ನೋಡಬಹುದು ಎಂದಳು. ಅವರು ಮಂಡಿಗೆ ಕೈಯೂರಿ ಎದ್ದು, ನನ್ನನ್ನು ನೋಡದೆ, ಕುಂಟುತ್ತ ಒಳಗೆ ಹೋದರು.

ನಾನು ಬೆಂಚಿನಲ್ಲಿ ಕೂತು ಫೋನು ತೆರೆದೆ. ಅವರು ಸಿಟ್ಟಿನಲ್ಲಿ ಹೇಳಿದ್ದು, ಯಾಕೆ ಎಂಬುದು ಒಂದರಲ್ಲಾದರೂ ಇದ್ದೇ ಇರುತ್ತದೆ ಎಂಬ ಆಸೆಯಿಂದ, ಆ ಮನೆಗೆ ಕಳುಹಿಸಿದ ಸಂದೇಶಗಳನ್ನೆಲ್ಲ ಮೊದಲ ದಿನದಿಂದ ಒಂದೊಂದಾಗಿ ಓದಿದೆ. ಶಹಬ್ಬಾಸ್, ಇನ್ನೂ ಸಾವಿರ, ಇವತ್ತೂ ತಪ್ಪಿಸಬೇಡಿ, ಭೇಷ್, ನಾಳೆ ಎಂಟು. ಎಂಬತ್ತಕ್ಕೂ ಹೆಚ್ಚಿದ್ದವು. ಕೊನೆಯದನ್ನು ಓದಿ ಮುಗಿಸಿ, ನಂಬಲಾಗದೆ, ಮತ್ತೊಮ್ಮೆ ಮೊದಲಿನಿಂದ ಓದಿದೆ. ಒಂದರಲ್ಲೂ ಇರಲಿಲ್ಲ.